ಕೂಸಿನ ಪಾಲಿನ ತತ್ತಿ

ನಮ್ಮ ಅಣ್ಣನ ಹೆಂಡತಿ, ವೈನಿ ಶೈಲಶ್ರೀ, ಬಸುರಿಯಾಗಿ ಆರು ತಿಂಗಳು ಕಳೆದರೂ ಏನನ್ನೂ ಬೇಡಲಿಲ್ಲ. ಅವ್ವ ದಿನಕ್ಕೆ ಎರಡು ಸಲ ಕೇಳುತ್ತಿದ್ದಳು. ಹುಣಸೆಕಾಯಿ ತರಿಸಲೇನು ಅಂದರೆ ಬ್ಯಾಡ್ರಿ. ಮಾವಿನಕಾಯಿ ಅಂದರೆ ಬ್ಯಾಡ್ರಿ. ಬಯಕೆ ಇಲ್ಲದ ಬಸುರಿಯನ್ನು ಅವ್ವ ನಮ್ಮ ಮನೆಯಲ್ಲಿ ಕಂಡಿರಲಿಲ್ಲ. ಸೊಸೆ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂಬ ಗುಮಾನಿ ಅವಳಿಗೆ ಬಂದಿತ್ತು. ಅದು ಅರ್ಧ ನಿಜವಾಗಿತ್ತು, ಆದರೆ ನನಗೆ ಗೊತ್ತಾದದ್ದು ಆಮೇಲೆ.

ಏಳನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ವೈನಿ ಫೋನು ತಂದು ಅವಳ ಮುಖದ ಮುಂದೆ ಹಿಡಿದಳು.

"ಅತ್ತಿ, ಇದು ತಿನ್ನಬೇಕು ಅನಸಾಕತ್ತದರಿ."

ಅವ್ವ ಹಿಟ್ಟಿನ ಕೈಯನ್ನು ಹಿಂದಕ್ಕೆ ಹಿಡಿದು ನೋಡಿದಳು. ಗಾಜಿನ ಬಟ್ಟಲೊಂದರಲ್ಲಿ ಕೆಂಪು, ಹಳದಿ, ಕಂದು ಪಟ್ಟಿಗಳು ಒಂದರ ಮೇಲೊಂದು ಕೂತಿದ್ದವು.

"ಏನಿದು, ಕೌದಿ ಇದ್ದಂಗ ಅದಲ್ಲ."

"ಇಟಲಿ ದೇಶದ ಸಿಹಿರಿ. ನಮ್ಮ ಜೇವರ್ಗ್ಯಾಗ ಮಸರತ ಆಪಾನ ಬೇಕರ್ಯಾಗೂ ಮಾಡ್ತಾರಂತ."

"ತತ್ತಿ ಹಾಕ್ತಾರೇನು?"

"ಹನ್ನೆರಡು ಹಾಕ್ತಾರರಿ," ಅಂದಳು ವೈನಿ. ಹೌದು ಎಂದಿದ್ದರೂ ಸಾಕಿತ್ತು.

ನಾನು ಮೂಲೆಯಲ್ಲಿ ಕೂತು ಬೇಳೆ ಆರಿಸುತ್ತಿದ್ದೆ. ಮಸರತ ಆಪಾ ಎಂಬ ಹೆಸರು ಕೇಳಿ ಕೈ ನಿಂತಿತು. ಎರಡು ವರ್ಷದ ಹಿಂದೆ ಆ ಬೇಕರಿಗೆ ಕೆಲಸಕ್ಕೆ ಹೋಗುತ್ತೇನೆ ಎಂದು ನಾನು ಇದೇ ಅಡುಗೆಮನೆಯಲ್ಲಿ ಕೇಳಿದ್ದೆ. ಎಂಟನೆಯ ತರಗತಿಯಲ್ಲಿ ಎದ್ದು ನಿಂತು ಪಾಠ ಓದು ಎಂದಾಗ ಬಾಯಿ ಬಾರದೆ ನಿಂತವಳು ನಾನು. ಮರುದಿನದಿಂದ ಶಾಲೆಗೆ ಹೋಗಲಿಲ್ಲ, ಯಾಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಅಂಥವಳು ಬಾಯಿಬಿಟ್ಟು ಬೇಡಿದ ಒಂದೇ ಒಂದು ಸಂಗತಿ ಅದು. ಬೇಕರಿಯ ಹಿಂಬದಿಯಲ್ಲಿ ಯಾರ ಜೊತೆಗೂ ಮಾತಾಡಬೇಕಿಲ್ಲ, ಮಾಡುವುದನ್ನು ನೋಡುತ್ತ ನಿಂತರೆ ಸಾಕು, ಕೈ ತಾನಾಗಿ ಕಲಿಯುತ್ತದೆ ಎಂದು ನನಗೆ ಅನ್ನಿಸಿತ್ತು. ಅವ್ವ ಅಂದು ಒಂದೇ ಮಾತು ಹೇಳಿದ್ದಳು: "ತತ್ತಿ ಒಡದ ಕೈಲಿ ಮನ್ಯಾಗ ಎಡಿ ಹಿಡೀತಿ ಏನ?" ಅಲ್ಲಿಗೆ ಮಾತು ಮುಗಿದಿತ್ತು.

ಈಗ ಅದೇ ತತ್ತಿ ಸೊಸೆಯ ಬಾಯಿಂದ ಬಂದಿತ್ತು, ಅದೂ ಬಯಕೆಯಾಗಿ.

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ. ಇದರಲ್ಲಿ ಅವ್ವನಿಗೆ ಅನುಮಾನವೇ ಇರಲಿಲ್ಲ, ಯಾಕೆಂದರೆ ಸಾಕ್ಷಿ ಮನೆಯಲ್ಲೇ ಇತ್ತು. ಅಣ್ಣ ಗುರುಶಾಂತ ಹೊಟ್ಟೆಯಲ್ಲಿದ್ದಾಗ ಅವಳಿಗೆ ಬೇಸಿಗೆಯಲ್ಲಿ ಸೀತಾಫಲ ತಿನ್ನುವ ಬಯಕೆಯಾಗಿತ್ತಂತೆ. ಆಳಂದದವರೆಗೂ ಹುಡುಕಿಸಿದರೂ ಸಿಗಲಿಲ್ಲ. ಅಣ್ಣನ ಎಡಗಿವಿ ಏಳು ವರ್ಷ ಸೋರಿತು. ಈಗಲೂ ತನಗೆ ಬೇಡದ ಮಾತು ಆ ಕಡೆಯಿಂದ ಬಂದರೆ ಅವನಿಗೆ ಕೇಳಿಸುವುದಿಲ್ಲ.

ಹೀಗೆ ಒಂದು ಕಡೆ ತತ್ತಿ, ಇನ್ನೊಂದು ಕಡೆ ಮೊಮ್ಮಗುವಿನ ಕಿವಿ. ಮೂರನೆಯ ದಿನ ಮುಂಜಾನೆ ಅವ್ವ ಪೂಜೆ ಮುಗಿಸಿ ಬಂದು ಪಡಸಾಲೆಯಲ್ಲಿ ಕೂತು ತೀರ್ಪು ಹೇಳಿದಳು.

"ಎಂಟರಾಗ ಅಯ್ಯನೋರು ಬಂದು ಹೊಟ್ಟ್ಯಾಗಿನ ಕೂಸಿಗಿ ಲಿಂಗ ಕಟ್ತಾರ. ಅಲ್ಲೀತನ ಕೂಸಿಗಿ ಯಾವ ನೇಮನೂ ಇಲ್ಲ. ಏಳರಾಗ ಬೇಡಿದ್ದು ಶೈಲಾ ಬೇಡಿದ್ದಲ್ಲ, ಕೂಸು ಬೇಡಿದ್ದು. ಆಕಿ ಬರೇ ಬಾಯಿ ಕೊಡ್ತಾಳ."

"ಹಂಗಾರ ನಾಳಿ ಬೇಕರ್ಯಾಂದ ಒಂದು ಡಬ್ಬಿ ತರ್ತೀನಿ ಬಿಡು," ಅಂದ ಅಣ್ಣ.

"ತರ್ತಾನಂತ. ಕುಬಸದ ದಿನ ಬಸುರಿ ಮುಂದ ಇಡೂದು ಮನಿಯವರ ಕೈಯಂದೇ ಆಗಬೇಕು. ಅತನೂರಿಂದ ಬೀಗರು ಬರ್ತಾರ, ಅವರ ಮುಂದ ಪ್ಯಾಟಿ ಡಬ್ಬಿ ತಗದು ಇಡ್ಲೇನು?"

"ಮತ್ತ ಮಾಡಾವರು ಯಾರು? ನೀ ತತ್ತಿ ಮುಟ್ತೀಯೇನು?"

ಅವ್ವ ನನ್ನ ಕಡೆ ತಿರುಗಿದಳು. "ಸುವರ್ಣಾ ಅದಾಳಲ್ಲ. ಆಕಿ ಹೆಂಗೂ ಬ್ಯಾರೆ ಮನಿಗಿ ಹೋಗಾಕಿ."

ಹೀಗೆ ಎರಡು ವರ್ಷದ ಹಿಂದೆ ಮುಚ್ಚಿದ ಬಾಗಿಲನ್ನು ಮುಚ್ಚಿದವಳೇ ತೆರೆದಳು. ಕುಬಸ, ಅಂದರೆ ಸೀಮಂತ, ಹತ್ತಿರ ಬಂದಿತ್ತು; ಬೇಕರಿಗೆ ಹೋಗಿ ಕಲಿತು ಬಾ ಎಂದಳು, ಮೂರು ದಿನದ ಮಟ್ಟಿಗೆ. ನಾನು ನೆಲ ನೋಡುತ್ತ ಕೂತೆ. ಖುಷಿಯಾದದ್ದು ಮುಖದಲ್ಲಿ ಕಂಡರೆ ಅವ್ವ ಮತ್ತೆ ಯೋಚನೆ ಮಾಡುತ್ತಾಳೆ ಎಂಬ ಹೆದರಿಕೆ.

ನಮ್ಮೂರಿನಿಂದ ಜೇವರ್ಗಿಗೆ ಟಂಟಂನಲ್ಲಿ ಅರ್ಧ ತಾಸು. ಮೊದಲ ದಿನ ಅವ್ವನೂ ಬಂದಳು. ಆದರೆ ಬೇಕರಿಯ ಮೆಟ್ಟಿಲು ಹತ್ತಲಿಲ್ಲ. ಎದುರಿನ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಮೂಗಿಗೆ ಸೆರಗು ಹಿಡಿದು ಕೂತಳು. ನಡುವೆ ಹೆದ್ದಾರಿಯ ಲಾರಿಗಳು ಹೊಗೆ ಬಿಡುತ್ತ ಹೋಗುತ್ತಿದ್ದವು. ಅವಳು ಸೆರಗು ಹಿಡಿದದ್ದು ಅದಕ್ಕೇ ಎಂದು ಬಟ್ಟೆ ಅಂಗಡಿಯವನು ತಿಳಿದುಕೊಂಡು ಒಳಗೆ ಬರ್ರಿ ಎಂದು ಕರೆದನಂತೆ.

ಮಸರತ ಆಪಾ ದಪ್ಪ ಕೈಯ, ಜೋರು ದನಿಯ ಹೆಂಗಸು. ಅವಳ ಗಂಡ ಇಮ್ರಾನ ಭಾಯಿ ಪುಣೆಯ ದೊಡ್ಡ ಹೋಟೆಲಿನಲ್ಲಿ ಎಂಟು ವರ್ಷ ಸಿಹಿ ಮಾಡುತ್ತಿದ್ದವನು. ಈ ಇಟಲಿಯ ಸಿಹಿ ಅಲ್ಲಿಂದ ಬಂದದ್ದು.

"ಅಸಲಿನಾಗ ಕೇಕ್ ಕೆಂಪು ಶರಾಬಿನಾಗ ಅದ್ದತಾರ," ಅಂದಳು ಆಪಾ. "ನಿಮಗ ತತ್ತಿ ನಡ್ಯಂಗಿಲ್ಲ, ನಮಗ ಶರಾಬ್ ನಡ್ಯಂಗಿಲ್ಲ. ಇಟಲಿಯವರಿಗಿ ಎರಡೂ ನಡೀತದ, ಅದಕ್ಕ ಇದು ಅವರಿಗಿ ಹೊಳದದ. ನಾವು ಗುಲಾಬಿ ಶರಬತ್ತಿನಾಗ ದಾಲ್ಚಿನ್ನಿ ಲವಂಗ ಕುದಿಸಿ ಹಾಕ್ತೇವಿ. ಜೇವರ್ಗಿಯವರು ಇದೇ ಅಸಲಿ ಅಂತ ತಿಂತಾರ."

ಕೆಲಸ ದೊಡ್ಡದೇನಲ್ಲ. ಮೆತ್ತನೆಯ ಕೇಕನ್ನು ಬೆರಳಗಲ ಕೊಯ್ದು ಕೆಂಪು ನೀರಿನಲ್ಲಿ ಅದ್ದಿ ಬಟ್ಟಲ ತಳಕ್ಕೆ ಹಾಸಬೇಕು. ಅದರ ಮೇಲೆ ಹಾಲು, ಸಕ್ಕರೆ, ತತ್ತಿಯ ಹಳದಿ ಕಾಯಿಸಿದ ಗಟ್ಟಿ ಕೆನೆ. ಮತ್ತೆ ಕೇಕು. ಅದರ ಮೇಲೆ ಕೋಕೋ ಕಲಸಿದ ಅದೇ ಕೆನೆ. ಆಮೇಲೆ ತಣ್ಣಗೆ ಬಿಡಬೇಕು. ಕಷ್ಟವಿರುವುದೆಲ್ಲ ಕೆನೆಯಲ್ಲಿ. ಬಿಸಿ ಹಾಲಿಗೆ ಹಳದಿ ಸುರಿದರೆ ಅದು ಮುದ್ದೆಮುದ್ದೆಯಾಗುತ್ತದೆ. ಹಾಲನ್ನೇ ಹಳದಿಗೆ ದಾರದ ಹಾಗೆ ಬಿಡುತ್ತ ಕೈ ನಿಲ್ಲಿಸದೆ ತಿರುವಬೇಕು.

ಮೊದಲ ಸಲ ನನ್ನದು ಮುದ್ದೆಯಾಯಿತು. ಎರಡನೆಯದು ತಳ ಹಿಡಿಯಿತು.

"ಜರಾ ನೆಕ್ಕಿ ನೋಡು, ಎಲ್ಲಿ ತಪ್ಪೇದ ಗೊತ್ತಾಗ್ತದ," ಅಂದಳು ಆಪಾ.

"ನಾ ತಿನ್ನಂಗಿಲ್ಲ ಆಪಾ."

"ತಿನ್ನದೇ ಹ್ಯಾಂಗ ಕಲೀತಿ?"

"ನೋಡಿ."

ಆಪಾ ನಕ್ಕಳು. ಆದರೆ ನಾನು ನೋಡುತ್ತಿದ್ದೆ. ಕೆನೆ ಆಗುವ ಮೊದಲು ಮೇಲಿನ ನೊರೆ ಒಮ್ಮೆಲೇ ಕರಗುತ್ತದೆ. ಚಮಚದ ಬೆನ್ನಿಗೆ ಹತ್ತಿದ ಕೆನೆಯ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲುತ್ತದೆ. ಹಸಿ ವಾಸನೆ ಹೋಗಿ ಕಾಯಿಸಿದ ಹಾಲಿನ ವಾಸನೆ ಬರುತ್ತದೆ. ಮೂರನೆಯ ದಿನ ನನ್ನ ಕೆನೆಯನ್ನು ಇಮ್ರಾನ ಭಾಯಿ ನೆಕ್ಕಿ ನೋಡಿ, ಏನೂ ಹೇಳದೆ, ಆವತ್ತು ಮಾರಲು ಇಟ್ಟ ಬಟ್ಟಲುಗಳಿಗೆ ಸುರಿದುಕೊಂಡ. ನನ್ನನ್ನು ಶಾಲೆಯಲ್ಲಿ ಯಾರೂ ಹಾಗೆ ಹೊಗಳಿರಲಿಲ್ಲ.

"ಕುಬಸ ಆದ ಮ್ಯಾಲ ಬರ್ತಿಯೇನು ಕೆಲಸಕ್ಕ?" ಕೇಳಿದಳು ಆಪಾ. "ನಿನ್ನಂಥಾ ಮಾತಿಲ್ಲದ ಹುಡಿಗಿ ಬೇಕಾಗಿತ್ತು ನನಗ. ಮಾತೆಲ್ಲ ನಾನೇ ಆಡ್ತೇನಿ."

"ಅವ್ವ ಬಿಡಬೇಕಲ್ಲ."

ಇಬ್ಬರೂ ಎದುರಿನ ಕಟ್ಟೆಯ ಕಡೆ ನೋಡಿದೆವು. ಆವತ್ತು ಅವ್ವ ಬಂದಿರಲಿಲ್ಲ, ಆದರೂ ನೋಡಿದೆವು.

ಕುಬಸದ ಹಿಂದಿನ ದಿನ ದನದ ಕೊಟ್ಟಿಗೆಯಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡಿದೆ. ಪಾತ್ರೆ, ಬಟ್ಟಲು, ಚಮಚ ಎಲ್ಲ ಆಪಾ ಕೊಟ್ಟವು. ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಹಾಲು ಮಾತ್ರ ಮನೆಯದೇ ಇರಲಿ ಎಂದು ಎತ್ತರದಿಂದ ನನ್ನ ಪಾತ್ರೆಗೆ ಸುರಿದಳು. ಪಾತ್ರೆಗೆ ಪಾತ್ರೆ ತಾಗಬಾರದಲ್ಲ. ಹೀಗಾಗಿ ನೇಮ ಉಳಿಯಿತು, ಪಾವು ಹಾಲು ನೆಲಕ್ಕೆ ಹೋಯಿತು. ಎಮ್ಮೆ ಬಾಯಿ ಆಡಿಸುವುದನ್ನು ನಿಲ್ಲಿಸಿ ನಾನು ತತ್ತಿ ಒಡೆಯುವುದನ್ನು ನೋಡಿತು. ಇಡೀ ಮನೆಯಲ್ಲಿ ನನ್ನ ಕೆಲಸವನ್ನು ಹತ್ತಿರ ನಿಂತು ನೋಡಿದ್ದು ಅದೊಂದೇ.

ತಣ್ಣಗೆ ಇಡುವುದು ಎಲ್ಲಿ ಎಂಬುದು ಇನ್ನೊಂದು ಸಮಸ್ಯೆ. ಮನೆಯ ಫ್ರಿಜ್ಜಿನಲ್ಲಿ ಎಡೆಯ ಹಾಲು ಇರುತ್ತದೆ, ಅಲ್ಲಿ ಇಡುವಂತಿಲ್ಲ. ಅಣ್ಣ ಜೇವರ್ಗಿಗೆ ಹೋಗಿ ಥರ್ಮಾಕೋಲ್ ಪೆಟ್ಟಿಗೆಯ ತುಂಬ ಬರ್ಫ ತಂದ. ಆ ಪೆಟ್ಟಿಗೆಯಲ್ಲಿ ಬರ್ಫ ಯಾರು ಮಾರುತ್ತಾರೆ, ಅದರಲ್ಲಿ ಸಾಮಾನ್ಯವಾಗಿ ಭೀಮಾ ಹೊಳೆಯ ಏನು ಮಲಗಿರುತ್ತದೆ ಎಂದು ಅವ್ವ ಕೇಳಲಿಲ್ಲ. ಪೆಟ್ಟಿಗೆ ಹೊಸದು, ನಾನು ನೋಡಿಕೊಂಡೆ. ಹೇಳಲು ಹೋಗಲಿಲ್ಲ.

ಕುಬಸದ ದಿನ ಅತನೂರಿನಿಂದ ವೈನಿಯ ತವರಿನವರು ಬುತ್ತಿ ಹೊತ್ತು ಬಂದರು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಹಾಲು ತುಪ್ಪ ಹಾಕಿ ಕಲಸಿ ತಿನ್ನುವ ಸಿಹಿ ಮಾದಲಿ, ಐದು ನಮೂನೆಯ ಪಲ್ಯ. ಹವಳಗಾದಿಂದ ಅಪ್ಪನ ಅಕ್ಕ, ನಮ್ಮ ದೊಡ್ಡ ಅತ್ತೆ, ಬಂದಳು. ಈ ಅತ್ತೆಯ ನೇಮ ಅವ್ವನದಕ್ಕಿಂತ ಒಂದು ಕೈ ಮೇಲು. ಬೇರೆಯವರ ಮನೆಯ ನೀರು ಕುಡಿಯುವ ಮೊದಲು ಕೊಡ ಯಾರು ತುಂಬಿದ್ದು ಎಂದು ಕೇಳುವವಳು.

ವೈನಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿದರು. ಐವರು ಮುತ್ತೈದೆಯರು ಆರತಿ ಮಾಡಿದರು. ಅವ್ವನ ಏರ್ಪಾಡು ಹೀಗಿತ್ತು: ಶಾಸ್ತ್ರಕ್ಕೆ ಮುಚ್ಚಿದ ಬಟ್ಟಲನ್ನು ಒಮ್ಮೆ ವೈನಿಯ ಮುಂದೆ ಇಟ್ಟು ತೆಗೆಯುವುದು, ಎಲ್ಲರೂ ಊಟಕ್ಕೆ ಎದ್ದ ಮೇಲೆ ಒಳಕೋಣೆಯಲ್ಲಿ ವೈನಿಗೆ ಎರಡು ಚಮಚ ತಿನ್ನಿಸುವುದು, ಉಳಿದದ್ದನ್ನು ಹಿತ್ತಲಿನ ಕುಣಿಗೆ ಹಾಕುವುದು. ಕೂಸಿನದು ಕೂಸಿಗೆ, ಮಣ್ಣಿನದು ಮಣ್ಣಿಗೆ. ನಾನು ಬಟ್ಟಲನ್ನು ತಾಮ್ರದ ತಾಟಿನಿಂದ ಮುಚ್ಚಿ ಒಳಕೋಣೆಯ ಬಾಗಿಲ ಹಿಂದೆ ಇಟ್ಟಿದ್ದೆ. ವೈನಿ ಮೊದಲ ಚಮಚವನ್ನು ಕಣ್ಣು ಮುಚ್ಚಿ ನುಂಗಿದಳು. ಬಯಕೆ ತೀರಿದವಳ ಮುಖ ಹಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ದವಾಖಾನೆಯ ಔಷಧ ಕುಡಿದವಳ ಹಾಗಿತ್ತು.

ಆ ಹೊತ್ತಿಗೆ ದೊಡ್ಡ ಅತ್ತೆ ಒಂದು ಕೈಯಲ್ಲಿ ತುಪ್ಪದ ಗಿಂಡಿ, ಇನ್ನೊಂದರಲ್ಲಿ ಬಿಸಿ ಹಾಲಿನ ತಂಬಿಗೆ ಹಿಡಿದು ಒಳಗೆ ಬಂದಳು. ಹೊರಗೆ ಮಾದಲಿಗೆ ಬಡಿಸುತ್ತಿದ್ದವಳು, ವೈನಿಯನ್ನು ಹುಡುಕಿಕೊಂಡು ಬಂದಿದ್ದಳು.

"ಇದೇನು ಬೇ ನಿಂಬೆವ್ವಾ, ಬಸುರಿ ಮುಂದ ಇಟ್ಟದ್ದು ಕತ್ತಲ್ಯಾಗ ಮುಚ್ಚಿ ತಿನಸಾಕತ್ತೀದಿ?"

"ಏನಿಲ್ಲರಿ ಯಕ್ಕಾ, ಆಕಿ ಬಯಕಿದು."

"ಬಯಕಿದು ಅಂದ್ರ ಐದು ಮಂದಿ ಹಂಚಿ ತಿನ್ನಬೇಕು, ಗೊತ್ತಿಲ್ಲೇನು ನಿನಗ? ಅಯ್ಯ, ಇದಕ್ಕ ತುಪ್ಪನೇ ಹಾಕಿಲ್ಲಲ್ಲ. ಹಿಂಗೇ ಒಣಾ ಒಣಾ ತಿನಸ್ತಾರೇನು?"

ಅವ್ವ ಕೈ ಚಾಚುವಷ್ಟರಲ್ಲಿ ಗಿಂಡಿ ಬಗ್ಗಿತ್ತು. ಹಿಂದೆಯೇ ಬಿಸಿ ಹಾಲು. ನಾನು ಗೆರೆ ಹಿಡಿದು ಕೂಡಿಸಿದ್ದ ಕೆಂಪು, ಹಳದಿ, ಕಂದು ಪದರಗಳು ಒಂದು ಕ್ಷಣ ತೇಲಿದವು. ಆಮೇಲೆ ಅತ್ತೆ ಬಲಗೈ ಇಳಿಸಿ, ಮಾದಲಿ ಕಲಸುವ ಹಾಗೆ, ತಳದಿಂದ ಮೇಲೆ ನಾಲ್ಕು ಸಲ ಕಲಸಿದಳು. ಬಣ್ಣ ಕೆಮ್ಮಣ್ಣಿನದಾಯಿತು. ಐವರು ಮುತ್ತೈದೆಯರನ್ನು ಹೆಸರು ಹಿಡಿದು ಕರೆದಳು, ಒಬ್ಬೊಬ್ಬರ ಅಂಗೈಗೆ ಒಂದೊಂದು ಮುಟಿಗೆ ಇಟ್ಟಳು.

ಅವ್ವನ ಮುಖವನ್ನು ನಾನು ನೋಡುತ್ತಿದ್ದೆ. ಬಾಯಿ ತೆರೆದಿತ್ತು. ತತ್ತಿ ಎಂದು ಹೇಳಿದರೆ ಬೀಗರ ಮುಂದೆ, ಕುಬಸದ ದಿನ, ತನ್ನ ಮನೆಯಲ್ಲಿ ತತ್ತಿ ಇತ್ತು ಎಂದಾಗುತ್ತದೆ. ಹೇಳದಿದ್ದರೆ ಐದು ಮಂದಿ ತಿನ್ನುತ್ತಾರೆ. ಬಾಯಿ ತೆರೆದೇ ಇತ್ತು, ಅವರು ತಿಂದರು.

"ಭಾಳ ಮೆತ್ತಗ ಅದರಿ," ಅಂದಳು ವೈನಿಯ ತಾಯಿ.

"ಬಾಯಾಗ ಇಟ್ರ ಕರಗ್ತದ. ಏನೇನು ಹಾಕೀರಿ?" ಕೇಳಿದಳು ಇನ್ನೊಬ್ಬಳು.

"ಹಾಲು," ಅಂದಳು ಅವ್ವ. ಸ್ವಲ್ಪ ಹೊತ್ತು ಬಿಟ್ಟು, "ಸಕ್ರಿ," ಅಂದಳು.

"ನಮ್ಮ ತುಪ್ಪದ ರುಚಿ ಅದು," ಅಂದಳು ದೊಡ್ಡ ಅತ್ತೆ, ಎರಡನೆಯ ಮುಟಿಗೆ ತಿನ್ನುತ್ತ. "ನೀ ಯಾಕ ಹಂಗ ನಿಂತಿ? ಮೊಮ್ಮಗನ ಬಯಕಿ, ಅಜ್ಜಿ ಬಾಯಿಗಿ ಬೀಳದಿದ್ರ ಹ್ಯಾಂಗ." ಹೀಗೆ ಹೇಳುತ್ತ ತೆರೆದೇ ಇದ್ದ ಅವ್ವನ ಬಾಯಿಗೆ ಒಂದು ತುತ್ತು ಇಟ್ಟುಬಿಟ್ಟಳು.

ಅವ್ವ ನುಂಗಿದಳು. ಬೇರೆ ದಾರಿ ಇರಲಿಲ್ಲ.

ಬಟ್ಟಲು ಖಾಲಿಯಾಯಿತು. ಹಿತ್ತಲಿನ ಕುಣಿಗೆ ಹಾಕಲು ಏನೂ ಉಳಿಯಲಿಲ್ಲ.

ಸಂಜೆ ಬೀಗರ ಗಾಡಿ ಹೋದ ಮೇಲೆ ಅವ್ವ ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ನಾನು ನೀರು ಹಾಕುತ್ತಿದ್ದೆ. ಐದು ತಂಬಿಗೆ ಮುಗಿದವು. ವಿಭೂತಿ ಹಚ್ಚಿಕೊಂಡಳು. ಒಳಗೆ ಹೋಗುತ್ತ ಬಾಗಿಲಲ್ಲಿ ನಿಂತು, ನನ್ನನ್ನು ನೋಡದೆ ಹೇಳಿದಳು.

"ಸಕ್ರಿ ಜರಾ ಕಮ್ಮಿ ಆಗಿತ್ತು."

ನಾನು ಅದನ್ನು ಒಳ್ಳೆಯ ಲಕ್ಷಣ ಎಂದುಕೊಂಡು, ಜೀವಮಾನದಲ್ಲಿ ಎರಡನೆಯ ಸಲ ಬಾಯಿ ತೆರೆದೆ. "ಅವ್ವಾ, ಮಸರತ ಆಪಾ ಕೆಲಸಕ್ಕ ಬಾ ಅಂದಾಳ."

"ಯಾಕ? ಕಲ್ತಿ, ಮಾಡಿದಿ, ಆತು. ಇನ್ನೇನು ಕೆಲಸ ಅಲ್ಲಿ?"

ಚಲೋ ಮಾಡಿದ್ದೇ ನನಗೆ ಮುಳುವಾಯಿತು. ಕೆನೆ ಮುದ್ದೆಯಾಗಿದ್ದರೆ ಇನ್ನೂ ಎರಡು ದಿನ ಕಲಿಯಲು ಕಳಿಸುತ್ತಿದ್ದಳೇನೋ.

ಮರುದಿನ ವೈನಿ ಅಟ್ಟದ ಮೆಟ್ಟಿಲ ಮೇಲೆ ಕೂತು ಹುಣಸೆಕಾಯಿಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದಳು. ಅಡಗಿಸಿ ಇಟ್ಟುಕೊಂಡ ಹುಣಸೆಕಾಯಿಗಳು ಸೆರಗಿನಲ್ಲಿ ಗಂಟು ಕಟ್ಟಿದ್ದವು. ಬಹಳ ದಿನದಿಂದ ತಿನ್ನುತ್ತಿರುವವಳ ಕೈ ಅದು.

"ವೈನಿ, ನಿಮಗ ಅದು ಸೇರಲಿಲ್ಲೇನು?"

"ಯಾವುದು? ಆ ಕೌದಿನಾ?" ನಕ್ಕಳು. "ನನಗ ಸಿಹಿನೇ ಆಗಿಬರಂಗಿಲ್ಲ ಬೇ, ಸುವರ್ಣಾ. ಪ್ರತಿ ಸಲ ಜೇವರ್ಗಿಗಿ ಹೋದಾಗ ನೀ ಆ ಬೇಕರಿ ಮುಂದ ಕಾಲು ನಿಧಾನ ಮಾಡ್ತಿದ್ದಿ. ಎರಡು ವರ್ಷ ನೋಡೀನಿ. ನೀ ಒಬ್ಬಾಕೀನೇ ನೋಡಾಕಿ ಅಂದ್ಕೊಂಡಿಯೇನು?"

"ಹಂಗಾರ ಕೂಸಿನ ಕಿವಿ?" ಅಂದೆ.

"ನನ್ನ ಬಯಕಿ ನಿನ್ನ ಅಲ್ಲಿಗಿ ಕಳಸೂದಿತ್ತು. ಮೂರು ದಿನ ಹೋದಿ. ಪೂರ್ತಿ ತೀರಿಲ್ಲ, ಒಂದು ಕಿವಿಯಷ್ಟು ತೀರ್ಯಾದ."

ಇನ್ನೊಂದು ಕಿವಿಯ ಸಂಗತಿಯನ್ನು ಹವಳಗಾ ನೋಡಿಕೊಂಡಿತು. ಹದಿನೈದು ದಿನದ ಮೇಲೆ ದೊಡ್ಡ ಅತ್ತೆಯ ಫೋನು ಬಂತು. ಅವಳ ಸೊಸೆಯೂ ಬಸುರಿ. ನಮ್ಮ ಮನೆಯ ಸಿಹಿಯ ಸುದ್ದಿ ಕೇಳಿ ಅವಳಿಗೂ ಅದೇ ಬಯಕೆಯಾಗಿದೆ. ಹ್ಯಾಂಗ ಮಾಡೂದು ಹೇಳು, ನಾವೇ ಮಾಡಿಕೊಳ್ತೇವಿ, ಅಂದಳು ಅತ್ತೆ.

ಅವ್ವ ಫೋನು ಹಿಡಿದುಕೊಂಡು ನಿಂತಳು. ಹೇಗೆ ಮಾಡುವುದು ಎಂದು ಹೇಳಿದರೆ ಮೊದಲ ಮಾತಿಗೇ ತತ್ತಿ ಬರುತ್ತದೆ. ಅತ್ತೆ ಎರಡು ಮುಟಿಗೆ ತಿಂದವಳು. ಇಲ್ಲ ಎಂದರೆ ಇನ್ನೊಬ್ಬರ ಮನೆಯ ಕೂಸಿನ ಕಿವಿ ತನ್ನ ತಲೆಗೆ ಬರುತ್ತದೆ.

"ಅದು ಮನ್ಯಾಗ ಬರಂಗಿಲ್ಲರಿ ಯಕ್ಕಾ," ಅಂದಳು ಕೊನೆಗೆ. "ಅದಕ್ಕ ಮಷೀನ ಬೇಕು. ಸುವರ್ಣಾ ಜೇವರ್ಗಿಗಿ ಹೋಗಿ ಮಾಡಿ ಕಳಸ್ತಾಳ."

ಫೋನು ಇಟ್ಟು ನನಗೆ ಹೇಳಿದಳು: "ಹೋಗು. ತತ್ತಿ ಹಾಕಬ್ಯಾಡ. ಒಮ್ಮೆ ಆದದ್ದು ಆತು, ಗೊತ್ತಿದ್ದೂ ಇನ್ನೊಬ್ಬರಿಗಿ ತಿನಸಬಾರದು."

ನನಗೂ ಅದೇ ಸರಿ ಎನ್ನಿಸಿತು. ಆಪಾನ ಬೇಕರಿಯಲ್ಲಿ ತತ್ತಿ ಇಲ್ಲದ ಕೇಕೂ ಇತ್ತು, ಪುಡಿಯಿಂದ ಮಾಡುವ ಹಳದಿ ಕೆನೆಯೂ ಇತ್ತು. ಚೆಂದವಾಗಿಯೇ ಮಾಡಿದೆ. ಪದರಗಳು ನೂಲು ಹಿಡಿದಂತೆ ನಿಂತವು. ಅಣ್ಣ ಮೋಟಾರ್ ಸೈಕಲ್ಲಿನಲ್ಲಿ ಹವಳಗಾಕ್ಕೆ ಮುಟ್ಟಿಸಿ ಬಂದ.

ಮರುದಿನ ಮುಂಜಾನೆಯೇ ಫೋನು. ಅವ್ವ ಸ್ಪೀಕರ್ ಹಾಕಿ ಪಡಸಾಲೆಯಲ್ಲಿ ಇಟ್ಟಳು. ಅತ್ತೆಯ ದನಿಗೆ ಸ್ಪೀಕರ್ ಬೇಕಿರಲಿಲ್ಲ.

"ನಿಂಬೆವ್ವಾ, ಅವತ್ತಿನಂಗ ಆಗಿಲ್ಲ ಇದು. ತುಪ್ಪ ಹಾಕಿದೆ, ಹಾಲು ಹಾಕಿದೆ, ಆದ್ರೂ ಆ ರುಚಿ ಇಲ್ಲ. ಅವತ್ತು ಹಾಕಿದ್ದು ಏನೋ ಒಂದು ಬಿಟ್ಟಾಳ ನಿನ್ನ ಮಗಳು. ಸೊಸಿ ಎರಡು ತುತ್ತು ತಿಂದು ಇಟ್ಟಳು. ಬಯಕಿ ತೀರಿಲ್ಲ ಅಂತಾಳ. ನಾಳಿ ಕೂಸಿಗಿ ಹೆಚ್ಚುಕಮ್ಮಿ ಆದ್ರ ಯಾರು ಜವಾಬು?"

ಅಟ್ಟದ ಮೆಟ್ಟಿಲ ಮೇಲೆ ವೈನಿ ಹುಣಸೆಕಾಯಿ ಕಡಿಯುವುದನ್ನು ನಿಲ್ಲಿಸಿದಳು. ನಾನು ಕಂಬ ಹಿಡಿದು ನಿಂತಿದ್ದೆ. ಅವ್ವ ವಿಭೂತಿ ಗಟ್ಟಿಯನ್ನು ಬೆರಳಲ್ಲಿ ತಿರುವಿದಳು. ಆಮೇಲೆ ಫೋನಿಗೆ ಬಗ್ಗಿದಳು.

"ಯಕ್ಕಾ, ನಿಮ್ಮ ಸೊಸಿಗಿ ಈಗ ಎಷ್ಟರಾಗ?"

"ಆರರಾಗ."

"ಹಂಗಾರ ಎಂಟಕ್ಕ ಇನ್ನೂ ವ್ಯಾಳ್ಯಾ ಅದ," ಅಂದಳು ಅವ್ವ, ನನ್ನ ಕಡೆ ನೋಡದೆ. "ನಾಳಿ ಹೋಗ್ತಾಳ. ಇನ್ನ ದಿನಾ ಹೋಗ್ತಾಳ, ಇಂಥದು ಒಂದು ದಿನದಾಗ ಕೈಗಿ ಹತ್ತಂಗಿಲ್ಲ."

ಮರುದಿನ ನಾನು ಮೊದಲ ಟಂಟಂಗೆ ಹೋದೆ. ಅವ್ವ ಬಾಗಿಲ ತನಕ ಬಂದು, ಮಸರತಗೆ ಎರಡು ಮಾತು ಹೇಳು ಅಂದಳು. ಸಂಜೆ ನಾನು ಹಿತ್ತಲಿನಿಂದ ಬಂದು ಬಿಸಿ ನೀರಿನಲ್ಲಿ ಮಿಂದೇ ಒಳಗೆ ಹೋಗಬೇಕು, ಅದಕ್ಕಾಗಿ ನನ್ನನ್ನು ಜಲ್ದಿ ಬಿಡಬೇಕು, ಇದು ಒಂದು. ಇನ್ನೊಂದು, ಅಂಗಡಿಯ ಮುಂದೆ ಬಸುರಿಯರು ಯಾರು ಬಂದು ಕೇಳಿದರೂ ಮೊದಲು ತಿಂಗಳು ಕೇಳಿಕೊಳ್ಳಬೇಕು.